ತ್ಲಾತೆಲೋಲ್ಕೊದಲ್ಲಿ ಒಂದು ಸಂಜೆ

ಮೆಕ್ಸಿಕೊ ಸಿಟಿಯ ಸೋಕಾಲೊ ಚೌಕದ ಕೆಥೆಡ್ರಲ್ ಒಳಗೆ ಕಾಲಿಟ್ಟ ಕೂಡಲೇ ನೆಲ ವಾಲಿದ ಹಾಗೆ ಅನ್ನಿಸಿತು. ವಾಲಿರುವುದು ನಿಜವೇ. ಈ ಊರು ಬತ್ತಿಸಿದ ಸರೋವರದ ಮೆತ್ತನೆ ಮಣ್ಣಿನ ಮೇಲೆ ಕೂತಿದೆ, ವರ್ಷವರ್ಷವೂ ಕುಸಿಯುತ್ತಿದೆ. ಆ ಸರೋವರದ ನಡುವಿನ ದ್ವೀಪದಲ್ಲೇ, ಸ್ಪೇನಿಗರು ಬರುವ ಮುಂಚೆ ಇಲ್ಲಿ ಆಳುತ್ತಿದ್ದ ಆಸ್ಟೆಕ್ಕರ ರಾಜಧಾನಿ ತೆನೊಚ್ತಿತ್ಲಾನ್ ಇದ್ದದ್ದು.

ಪಕ್ಕದಲ್ಲೇ ಅವರ ಮಹಾದೇಗುಲದ ಬುಡ ಇದೆ. 1978ರಲ್ಲಿ ವಿದ್ಯುತ್ ಕೆಲಸಗಾರರು ರಸ್ತೆ ಅಗೆಯುವಾಗ ಮೂರು ಮೀಟರ್‌ಗಿಂತ ಅಗಲದ ದುಂಡು ಕಲ್ಲು ಸಿಕ್ಕಿತು. ಅದರಲ್ಲಿ ಕೈಕಾಲು ಕಡಿದ ದೇವತೆ ಕೊಯೊಲ್‌ಶೌಕಿ. ಮ್ಯೂಸಿಯಮ್ಮಿನಲ್ಲಿ ಮೇಲಿನಿಂದ ನೋಡುತ್ತಾ ತುಂಬಾ ಹೊತ್ತು ನಿಂತೆ.

ಅಲ್ಲಿಂದ ದಕ್ಷಿಣಕ್ಕೆ ನಡೆದರೆ, ಈ ಊರನ್ನು ಗೆದ್ದ ಸ್ಪೇನಿನ ದಂಡನಾಯಕ ಕೊರ್ತೆಸ್ ಕಟ್ಟಿಸಿದ ಆಸ್ಪತ್ರೆ. 1519ರ ನವೆಂಬರ್ 8ರಂದು ಆಸ್ಟೆಕ್ಕರ ದೊರೆ ಮೊಕ್ತೆಸುಮಾ ಅವನನ್ನು ಎದುರುಗೊಂಡದ್ದು ಇದೇ ಹಾದಿಯಲ್ಲಿ. ಪಕ್ಕದ ಚರ್ಚಿನ ಗೋಡೆಯೊಳಗೆ ಕೊರ್ತೆಸ್‌ನ ಮೂಳೆಗಳಿವೆ. ಚಿಕ್ಕ ಫಲಕದಲ್ಲಿ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ಅಷ್ಟೇ.

ಕೆಲವೇ ನೂರು ಸ್ಪೇನಿಗರು ಇಷ್ಟು ದೊಡ್ಡ ರಾಜ್ಯವನ್ನು ಗೆದ್ದರು ಅಂತ ಶಾಲೆಯಲ್ಲಿ ಓದಿದ್ದೆ. ಇಲ್ಲಿ ಓಡಾಡಿದ ಮೇಲೆ ಆ ಮಾತು ಅರ್ಧ ಸುಳ್ಳು ಅನ್ನಿಸಿತು. ಆಸ್ಟೆಕ್ಕರ ಕಾಟದಿಂದ ಬೇಸತ್ತ ನೆರೆಯ ತ್ಲಾಸ್ಕಲಾದವರು ಸಾವಿರ ಸಾವಿರ ಮಂದಿ ಕೊರ್ತೆಸ್ ಜೊತೆ ಹೋರಾಡಿದರು. 1520ರಲ್ಲಿ ಸಿಡುಬು ಬಂತು. ಮೊಕ್ತೆಸುಮಾನ ನಂತರ ಪಟ್ಟಕ್ಕೆ ಬಂದ ಕ್ವಿತ್ಲಾವಾಕ್ ಕೆಲವೇ ವಾರಗಳಲ್ಲಿ ಅದಕ್ಕೆ ಬಲಿಯಾದ. ಮುಂದಿನ ವರ್ಷ ಕೊರ್ತೆಸ್ ಕಡೆಯವರು ಚಾಪುಲ್ತೆಪೆಕ್ ಗುಡ್ಡದಿಂದ ಬರುತ್ತಿದ್ದ ಸಿಹಿನೀರಿನ ಕಾಲುವೆ ಒಡೆದು, ಊರನ್ನು ಮುತ್ತಿದರು. ಸುತ್ತಲೂ ನೀರು, ಕುಡಿಯಲು ಇಲ್ಲ. ಹಸಿದವರು ಹಲ್ಲಿ, ಚರ್ಮ ತಿಂದರು. ಎಷ್ಟು ಸಂಕಟ ಅಲ್ವಾ?

ಸಂಜೆ ಮೆಟ್ರೊ ಹತ್ತಿ ತ್ಲಾತೆಲೋಲ್ಕೊಗೆ ಹೋದೆ. ಕೊನೆಯ ಕಾಳಗ ನಡೆದ ಜಾಗ. ದೇಗುಲದ ಮೆಟ್ಟಿಲು, ಅದರ ಕಲ್ಲುಗಳಿಂದಲೇ ಕಟ್ಟಿದ ಚರ್ಚು, ಹಿಂದೆ ಅಪಾರ್ಟ್‌ಮೆಂಟುಗಳು. ಒಂದು ಕಲ್ಲುಫಲಕವಿದೆ. 1521ರ ಆಗಸ್ಟ್ 13ರಂದು ಆಸ್ಟೆಕ್ಕರ ಕೊನೆಯ ದೊರೆ ಕ್ವೌತೆಮೋಕ್ ವೀರಾವೇಶದಿಂದ ಕಾಪಾಡಿದ ಈ ಊರು ಕೊರ್ತೆಸ್ ವಶವಾಯಿತು. ಅದು ಗೆಲುವೂ ಅಲ್ಲ ಸೋಲೂ ಅಲ್ಲ, ಇಂದಿನ ಮೆಕ್ಸಿಕೊದ ಮಿಶ್ರ ಜನಾಂಗದ ನೋವಿನ ಹುಟ್ಟು ಅಂತ ಬರೆದಿದೆ.

ನನಗೆ ಅದನ್ನು ಪೂರ್ತಿ ಒಪ್ಪಲು ಆಗಲಿಲ್ಲ. ಅಂದು ಆ ಮೆಟ್ಟಿಲುಗಳ ಮೇಲೆ ಸತ್ತವರಿಗೆ ಅದು ಸೋಲೇ. ಆದರೆ ಅಲ್ಲೇ ಮಕ್ಕಳು ಚೆಂಡಾಡುತ್ತಿದ್ದರು. ಕತ್ತಲಾಗುವವರೆಗೆ ಅವರನ್ನೇ ನೋಡುತ್ತಾ ಕೂತೆ.