ಸಹಿ ಕೇಳುವ ಮೊದಲು

ಸಂದರ್ಶನ ಮುಗಿದ ಮೇಲೆ ರಿಲೀಸ್ ಫಾರ್ಮ್, ಅಂದರೆ ಧ್ವನಿಮುದ್ರಣದ ಬಳಕೆಗೆ ಒಪ್ಪಿಗೆ ಕೊಡುವ ಪತ್ರವನ್ನು, ಮುಂದಿಟ್ಟು ಸಹಿ ಹಾಕಿಸಿಕೊಳ್ಳುವ ಪದ್ಧತಿಯನ್ನು ನಮ್ಮ ಕಚೇರಿ ಇನ್ನೂ ಪೂರ್ತಿ ಬಿಟ್ಟಿಲ್ಲ. ಅದರ ಮೇಲಿನ ನನ್ನ ಸಿಟ್ಟೂ ಇಳಿದಿಲ್ಲ.

ಅಮೆರಿಕದ ಸೇಂಟ್ ಪಾಲ್ ನಗರದ ರೊಂಡೊ ಬಡಾವಣೆಯ ಹಿರಿಯರ ಬದುಕಿನ ಕಥೆಗಳನ್ನು ಧ್ವನಿಮುದ್ರಿಸುವುದು ನನ್ನ ಕೆಲಸ. ಪುಲ್‌ಮನ್ ಎಂಬ ಮಲಗುವ ಬೋಗಿಗಳಲ್ಲಿ ಪ್ರಯಾಣಿಕರ ಸೇವೆ ಮಾಡುತ್ತಿದ್ದ ಪೋರ್ಟರ್‌ಗಳದೂ ಸೇರಿ ಎಷ್ಟೋ ಕಪ್ಪು ಕುಟುಂಬಗಳು ದುಡಿದು ಮನೆ ಮಾಡಿಕೊಂಡಿದ್ದ ಜಾಗ ಅದು. 1956ರಿಂದ 1968ರ ನಡುವೆ ಐ-94 ಹೆದ್ದಾರಿಗಾಗಿ ಸುಮಾರು 700 ಮನೆಗಳು, 300 ಅಂಗಡಿಮುಂಗಟ್ಟುಗಳು ಹೋದವು. ಉತ್ತರಕ್ಕೆ, ರೈಲುಹಳಿಗಳ ಪಕ್ಕದಲ್ಲಿ ರಸ್ತೆ ಒಯ್ಯಿರೆಂದು ನಗರದ ಯೋಜನಾ ಎಂಜಿನಿಯರ್ ಜಾರ್ಜ್ ಹೆರಾಲ್ಡ್ ಹೇಳಿದ್ದರು. ಅವರ ಮಾತು ನಡೆಯಲಿಲ್ಲ. ಮೇಯರ್ ಕ್ಷಮೆ ಕೇಳಿದ್ದು 2015ರಲ್ಲಿ.

ಒಂದು ದಿನ ರೊಂಡೊದ ಅಜ್ಜಿಯೊಬ್ಬರು ಮಧ್ಯಾಹ್ನದವರೆಗೂ ಮಾತನಾಡಿದ್ದರು. ಹಿತ್ತಲಿನ ಟೊಮೆಟೊ ಪಾತಿ, ಬೆಲೆ ಕಟ್ಟಲು ಬಂದವನು ಮನೆಯೊಳಗೆ ಕಾಲಿಡದೆಯೇ ಬರೆದುಕೊಂಡು ಹೋದ ಮೊತ್ತ, ಎಲ್ಲವನ್ನೂ ಹೇಳಿದರು. ಕೊನೆಗೆ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗಿನ ಕೋಣೆಯ ಸದ್ದನ್ನು, ತೆಗೆದುಕೊಂಡೆವು. ಹೆಡ್‌ಫೋನಿನಲ್ಲಿ ಅದೇ ಹೆದ್ದಾರಿಯ ಮೊರೆತ. ಸಹೋದ್ಯೋಗಿಯೊಬ್ಬ ಮೈಕನ್ನು ಬಿಚ್ಚಿ, ಫಾರ್ಮು, ಪೆನ್ನು ಮೇಜಿನ ಮೇಲಿಟ್ಟ.

ಅಜ್ಜಿ ಓದಿದರು. ಮತ್ತೆ ಮೊದಲಿನಿಂದ ಓದಿದರು. ದಣಿದಿರಬೇಕೆಂದುಕೊಂಡು ನಾನು ಸಹಿಯ ಜಾಗವನ್ನು ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ತೆಗೆದು, ಮಡಚಿ, ನನ್ನ ಬೆರಳಿದ್ದ ಕಡೆಯೇ ಇಟ್ಟರು.

"ಎಲ್ಲ ಹಕ್ಕುಗಳೂ ಸಂಸ್ಥೆಗೆ ಸೇರುತ್ತವೆ ಎಂದಿದೆಯಲ್ಲ ಮಗೂ? ನಮ್ಮಪ್ಪನ ಮುಂದೆಯೂ ಹೀಗೇ ಒಂದು ಕಾಗದ ಇಟ್ಟಿದ್ದರು."

ಮೇಲಧಿಕಾರಿಗೆ ಫೋನ್ ಮಾಡಿದೆ. ಸಹಿಯಿಲ್ಲದ ಫೈಲ್ ಸರ್ವರ್‌ಗೆ ಏರುವಂತಿಲ್ಲ, ಹೇಗಾದರೂ ಒಪ್ಪಿಸಿ ಎಂಬ ಉತ್ತರ ಬಂತು. ಒಪ್ಪಿಸುವ ಮಾತೇ ನನ್ನ ಬಾಯಿಂದ ಹೊರಡಲಿಲ್ಲ. ರೆಕಾರ್ಡರ್‌ನಿಂದ ಎಸ್‌ಡಿ ಕಾರ್ಡ್ ತೆಗೆದು ಅಜ್ಜಿಯ ಅಂಗೈಯಲ್ಲಿಟ್ಟೆ. ಬ್ಯಾಕಪ್ ಆಗಿರಲಿಲ್ಲ, ಸಹೋದ್ಯೋಗಿಯ ಮುಖ ಬಿಳಿಚಿಕೊಂಡಿತು. ಇವತ್ತಾದರೂ ನಾನು ಅದನ್ನೇ ಮಾಡುತ್ತೇನೆ. ಕಾಗದ ತೋರಿಸಿ ಮನೆ ಕಿತ್ತುಕೊಂಡ ಊರಿನಲ್ಲಿ ಇನ್ನೊಂದು ಕಾಗದ ಹಿಡಿದು ಹೋದವರು, ಬರಿಗೈಯಲ್ಲಿ ಹಿಂದಿರುಗಲೂ ಸಿದ್ಧರಿರಬೇಕು.

ಜಗಳವಾಡಿ ಹೊಸ ಫಾರ್ಮ್ ಬರೆಸಿದೆವು. ಕೃತಿಸ್ವಾಮ್ಯ ಹೇಳಿದವರದೇ, ಸಂಸ್ಥೆಗೆ ಕಾಪಾಡುವ, ಕೇಳಿಸುವ ಅನುಮತಿ ಮಾತ್ರ. ಮೊದಲ ಪ್ರತಿ ಮನೆಯವರಿಗೆ. ಬರಹರೂಪ ಓದಿ ಬೇಡವಾದದ್ದನ್ನು ಅವರು ಹೊಡೆದುಹಾಕಬಹುದು. ನಾನಂತೂ ಫಾರ್ಮನ್ನು ವಾರ ಮೊದಲೇ ಕಳಿಸಿ, ರೆಕಾರ್ಡರ್ ಚೀಲದಿಂದ ತೆಗೆಯುವ ಮುನ್ನ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅಜ್ಜಿ ಆಮೇಲೆ ಕಾರ್ಡನ್ನು ತಾವೇ ತಂದುಕೊಟ್ಟರು. ನೆರೆಮನೆಯವರ ಸಂಸಾರದ ಒಂದು ಸಂಗತಿಯನ್ನು ತೆಗೆಸಿದ ನಂತರವೇ ಸಹಿ ಹಾಕಿದರು.

ಇನ್ನು ಮಾತನ್ನು ಬರಹಕ್ಕಿಳಿಸುವ ತಂತ್ರಾಂಶದ ಗೋಳು. ಐದು ದೊಡ್ಡ ಕಂಪನಿಗಳ ಇಂಥ ತಂತ್ರಾಂಶಗಳನ್ನು ಪರೀಕ್ಷಿಸಿ ಸ್ಟ್ಯಾನ್‌ಫರ್ಡ್ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿಯರ ಮಾತಿನಲ್ಲಿ ಸರಾಸರಿ ಶೇ 19ರಷ್ಟಿದ್ದ ತಪ್ಪು ಕಪ್ಪು ಜನರ ಮಾತಿನಲ್ಲಿ ಶೇ 35ರಷ್ಟಿತ್ತು. ನಮ್ಮಲ್ಲೂ ಬೀದಿಯ ಹೆಸರು, ಪಾದ್ರಿಯ ಹೆಸರು, ಅಂಗಡಿಯ ಹೆಸರೇ ಮೊದಲು ಹಾಳಾಗುತ್ತವೆ. ಕಿವಿಯಿಂದ ಕೇಳಿ ಬರೆಯುವ ಇಬ್ಬರನ್ನು, ಸಾಧ್ಯವಾದರೆ ರೊಂಡೊದವರನ್ನೇ, ಸಂಬಳ ಕೊಟ್ಟು ನೇಮಿಸಿ ಎಂದು ಮುಂದಿನ ಬಜೆಟ್‌ಗೆ ಬರೆದು ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.