ಒಂದು ದೃಶ್ಯ ಸಾಕು: ಹ್ಯಾರಿ ಪಾಟರ್ ಇಟ್ಟುಕೊಂಡು ಥೆರಪಿ ಮಾಡುವವರಿಗೆ

ಹದಿಹರೆಯದ ಮಕ್ಕಳ ಜೊತೆ ಕೆಲಸ ಮಾಡುವ ಕೌನ್ಸೆಲರ್‌ಗಳಲ್ಲಿ ಹ್ಯಾರಿ ಪಾಟರ್ ಕಥೆಯನ್ನು ಸೆಷನ್ನಿಗೆ ತರುವವರು ಈಗ ಸಾಕಷ್ಟು ಜನ ಇದ್ದಾರೆ. ಕೆನಡಾದಲ್ಲಿ 7 ಮತ್ತು 8ನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಪಾಠದ ಜೊತೆಗೇ ಮೂರನೇ ಪುಸ್ತಕ ಓದಿಸಿ, ಅದರ ಮೂಲಕ ಸಿಬಿಟಿಯ (ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆಯ) ಕೌಶಲಗಳನ್ನು ಕಲಿಸಿ ನೋಡಿದ್ದಾರೆ. ಕಲಿಸಿದವರು ಶಾಲೆಯ ಶಿಕ್ಷಕರೇ. ಆದರೆ ಅದು ಇಡೀ ತರಗತಿಗೆ ಮುಂಜಾಗ್ರತೆಯಾಗಿ ಕಲಿಸುವ ಕೆಲಸ. ತೊಂದರೆಯಲ್ಲಿರುವ ಒಂದು ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾಡುವ ಚಿಕಿತ್ಸೆಯ ಲೆಕ್ಕವೇ ಬೇರೆ. ಇಲ್ಲಿ ಪುಸ್ತಕ ಪೂರ್ತಿ ಹಿಡಿದು ಕೂತರೆ ಕೆಡುತ್ತದೆ. ಒಂದು ದೃಶ್ಯ ಆರಿಸಿಕೊಳ್ಳಬೇಕು, ಒಳಗೆ ಹೋಗಬೇಕು, ಅದೇ ದಿನ ಮಗುವಿನ ಸ್ವಂತ ವಾರಕ್ಕೆ ವಾಪಸ್ ಬರಬೇಕು. ಒಳಗೆ ಹೋಗುವುದು ಎಲ್ಲರಿಗೂ ಬರುತ್ತದೆ. ವಾಪಸ್ ಬರುವಲ್ಲಿಯೇ ಹೆಚ್ಚಿನ ಸೆಷನ್‌ಗಳು ಹಾಳಾಗುವುದು.

ಮೂರನೇ ಪುಸ್ತಕವೇ ಯಾಕೆ? 1999ರಲ್ಲಿ ಬಂದ ಆ ಪುಸ್ತಕದಲ್ಲಿ ಡಿಮೆಂಟರ್ ಎಂಬ ಜೀವಿಗಳು ಬರುತ್ತವೆ. ಹತ್ತಿರ ಸುಳಿದರೆ ಚಳಿ ಹಿಡಿಯುತ್ತದೆ, ಒಳಗಿನ ಸಂತೋಷವೆಲ್ಲ ಸೋರಿಹೋಗಿ ಕೆಟ್ಟ ನೆನಪು ಮಾತ್ರ ಉಳಿಯುತ್ತದೆ. ತಮ್ಮದೇ ಖಿನ್ನತೆಯ ಅನುಭವದಿಂದ ಇವು ಹುಟ್ಟಿದವು ಎಂದು ಲೇಖಕಿ ಜೆ.ಕೆ. ರೌಲಿಂಗ್ ಹೇಳಿದ್ದಾರೆ. ರೈಲಿನಲ್ಲಿ ಗೆಳೆಯರೆಲ್ಲ ನಡುಗಿ ಸುಧಾರಿಸಿಕೊಳ್ಳುವಾಗ ಹ್ಯಾರಿ ಒಬ್ಬನೇ ಮೂರ್ಛೆ ಹೋಗುತ್ತಾನೆ, ನಾಚಿಕೆಯಿಂದ ಕುಗ್ಗುತ್ತಾನೆ. ನೀನು ದುರ್ಬಲ ಅಂತ ಹೀಗಾಗುತ್ತಿಲ್ಲ, ಉಳಿದವರು ಕಾಣದ ಭೀಕರವನ್ನು ನೀನು ಕಂಡಿದ್ದೀಯ ಎಂದು ಲೂಪಿನ್ ಮೇಷ್ಟ್ರು ಮುಂದೆ ಅವನಿಗೆ ಬಿಡಿಸಿ ಹೇಳುತ್ತಾರೆ. "ಇಷ್ಟಕ್ಕೆಲ್ಲ ಯಾಕೋ ತಲೆ ಕೆಡಿಸ್ಕೊಳ್ತೀಯ" ಎಂಬ ಮಾತನ್ನು ಮನೆಯಲ್ಲಿ ದಿನಾ ಕೇಳುವ ಮಗುವಿಗೆ ಈ ಒಂದು ತುಣುಕು ಓದಿಸಿದರೆ, ಕಾಯಿಲೆಯ ಬಗ್ಗೆ ನಾವು ಕೊಡಬೇಕಿದ್ದ ಅರ್ಧ ಗಂಟೆಯ ವಿವರಣೆ ಬೇಕಾಗುವುದಿಲ್ಲ.

ಮೊದಲ ಸೆಷನ್ನಿನಲ್ಲಿ ಕಥೆಯ ಸುದ್ದಿಯೇ ಬೇಡ. ಎಂದಿನಂತೆ ಹಿನ್ನೆಲೆ ಕೇಳಿ, ಪಿಎಚ್‌ಕ್ಯೂ-9 (ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ) ಅಥವಾ ಅದರ ಹದಿಹರೆಯದವರ ರೂಪ ತುಂಬಿಸಿ. ಒಟ್ಟು 27 ಅಂಕದಲ್ಲಿ 10 ಅಥವಾ ಹೆಚ್ಚು ಬಂದರೆ ಗಮನ ಬೇಕು, 20 ಅಥವಾ ಹೆಚ್ಚು ಬಂದರೆ ಮನೋವೈದ್ಯರು ನೋಡಲೇಬೇಕು. ಒಟ್ಟು ಅಂಕ ಎಷ್ಟೇ ಇರಲಿ, ಒಂಬತ್ತನೇ ಪ್ರಶ್ನೆಗೆ, ಅಂದರೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಪ್ರಶ್ನೆಗೆ, ಸೊನ್ನೆ ಬಿಟ್ಟು ಬೇರೇನು ಬಂದರೂ ಕಥೆ ಪಕ್ಕಕ್ಕಿಟ್ಟು ಅದನ್ನೇ ನೇರವಾಗಿ ಮಾತಾಡಬೇಕು. ಮನೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಬರೆದುಕೊಡಿ. ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ.

ಎರಡನೇ ಸೆಷನ್ನಿನಲ್ಲಿ ಯಾವ ಕಥೆ ಇಷ್ಟ ಎಂದು ಕೇಳಿ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: "ಅದರಲ್ಲಿ ಯಾರನ್ನ ಕಂಡ್ರೆ ನಿನಗೆ ಆಗಲ್ಲ?" ಇಷ್ಟದ ಪಾತ್ರದ ಬಗ್ಗೆ ಮಕ್ಕಳು ರೆಡಿಮೇಡ್ ಉತ್ತರ ಕೊಡುತ್ತಾರೆ. ಆಗದ ಪಾತ್ರದ ಬಗ್ಗೆ ಮಾತು ಶುರುವಾದರೆ ಮನೆ, ಶಾಲೆ ಎಲ್ಲ ತಾನಾಗಿ ಬರುತ್ತದೆ. ಆಗ ಬಾಯಿ ಮುಚ್ಚಿಕೊಂಡು ಕೇಳಬೇಕು. "ಓಹೋ, ಹಾಗಾದ್ರೆ ಆ ಪಾತ್ರ ನಿಮ್ಮಪ್ಪನ ಥರ" ಎಂದು ಅರ್ಥ ಹಚ್ಚಲು ಹೊರಟರೆ ಮಗು ಅಲ್ಲಿಗೇ ಬಾಗಿಲು ಹಾಕಿಕೊಳ್ಳುತ್ತದೆ.

ಐವತ್ತು ನಿಮಿಷದ ಸೆಷನ್ನಿನಲ್ಲಿ ಕಥೆಗೆ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಒಂದು ಎ4 ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ಕಥೆಯಲ್ಲಿ ಏನಾಯಿತು, ನನಗೆ ಹಾಗೆ ಆಗುವುದು ಯಾವಾಗ, ಈ ವಾರ ಏನು ಮಾಡುತ್ತೇನೆ. ಮೂರನೇ ಅಂಕಣ ಖಾಲಿ ಉಳಿದರೆ ಅವತ್ತು ಥೆರಪಿ ನಡೆದಿಲ್ಲ ಎಂದೇ ಲೆಕ್ಕ. ಇಬ್ಬರೂ ಖುಷಿಯಾಗಿ ಹರಟಿರಬಹುದು, ಅಷ್ಟೇ.

ಈಗ ಭಯದ ವಿಷಯ. ಬೊಗಾರ್ಟ್ ಎಂಬ ಜೀವಿ ಎದುರಿಗಿರುವವರು ಯಾವುದಕ್ಕೆ ಅತಿ ಹೆಚ್ಚು ಹೆದರುತ್ತಾರೋ ಅದೇ ರೂಪ ತಾಳುತ್ತದೆ. ಅದನ್ನು ನಗೆಪಾಟಲು ಮಾಡುವ ಮಂತ್ರವನ್ನು ಲೂಪಿನ್ ಇಡೀ ತರಗತಿಗೆ ಕಲಿಸುತ್ತಾರೆ. ಕೌನ್ಸೆಲರ್‌ಗಳು ಬೀಳುವುದು ಈ ನಗುವಿಗೆ. ನಿಜಕ್ಕೂ ಅಲ್ಲಿ ಕೆಲಸಕ್ಕೆ ಬರುವ ಸಂಗತಿಗಳು ಬೇರೆ. ಬೊಗಾರ್ಟ್ ಕಪಾಟಿನೊಳಗಿದೆ, ಬಾಗಿಲು ತೆಗೆಯುವುದು ಯಾವಾಗ ಎಂಬುದು ಮೇಷ್ಟ್ರ ಕೈಯಲ್ಲಿದೆ. ಮಕ್ಕಳು ಒಬ್ಬೊಬ್ಬರಾಗಿ ಮುಂದೆ ಬರುತ್ತಾರೆ. ಜೊತೆಗೆ ಜನ ಇದ್ದಾರೆ. ಮುಂದೆ ಹ್ಯಾರಿ ಡಿಮೆಂಟರ್ ಎದುರಿಸಲು ಕಲಿಯುವಾಗಲೂ ನಿಜವಾದ ಡಿಮೆಂಟರ್ ತರುವುದಿಲ್ಲ, ಆ ರೂಪ ತಾಳಿದ ಬೊಗಾರ್ಟ್ ಮೇಲೆ ಅಭ್ಯಾಸ ನಡೆಯುತ್ತದೆ. ಇದು ಹಂತ ಹಂತವಾಗಿ ಭಯಕ್ಕೆ ಒಡ್ಡಿಕೊಳ್ಳುವ ಎಕ್ಸ್‌ಪೋಷರ್ ವಿಧಾನವೇ.

ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಲು ಹೆದರುವ ಪಿಯುಸಿ ಹುಡುಗನಿಗೆ ಭಯದ ಏಣಿ, ಅಂದರೆ ಕಡಿಮೆ ಭಯದ ಕೆಲಸದಿಂದ ಹೆಚ್ಚು ಭಯದ್ದಕ್ಕೆ ಏರುವ ಮೆಟ್ಟಿಲುಗಳು, ಹೀಗಿರಬಹುದು. ಭಯವನ್ನು 0ಯಿಂದ 100ರವರೆಗೆ ಅವನೇ ಅಳೆಯಲಿ. ಅಮ್ಮನ ಎದುರು ಪಠ್ಯದ ಒಂದು ಪುಟ ಗಟ್ಟಿಯಾಗಿ ಓದುವುದು 20. ಅದನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ ಗೆಳೆಯನಿಗೆ ಕಳಿಸುವುದು 35. ಕ್ಲಾಸ್ ಮುಗಿದ ಮೇಲೆ ಲೆಕ್ಚರರ್ ಹತ್ತಿರ ಹೋಗಿ ಒಂದು ಡೌಟ್ ಕೇಳುವುದು 50. ಕ್ಲಾಸ್ ನಡೆಯುವಾಗಲೇ ಕೈ ಎತ್ತಿ ಕೇಳುವುದು 75. ಐದು ನಿಮಿಷದ ಸೆಮಿನಾರ್ 90. ಎಂಟರಿಂದ ಹತ್ತು ಮೆಟ್ಟಿಲು ಇರಲಿ. 35ರಿಂದ ನೇರ 75ಕ್ಕೆ ಹಾರಿಸಿದರೆ ಮುಂದಿನ ವಾರ ಹುಡುಗ ಬರುವುದಿಲ್ಲ, ಜ್ವರ ಅಂತ ಮೆಸೇಜ್ ಬರುತ್ತದೆ. ಒಂದೊಂದು ಮೆಟ್ಟಿಲನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಜಾಗದಲ್ಲಿ ಮತ್ತೆ ಮತ್ತೆ ಮಾಡಿಸಬೇಕು. ಪ್ರತಿ ಸಲ ಮೊದಲೇ "ಏನಾಗುತ್ತೆ ಅಂದ್ಕೊಂಡಿದ್ದೀಯ?" ಎಂದು ಬರೆಸಿ, ಆಮೇಲೆ ನಿಜವಾಗಿ ಏನಾಯಿತು ಎಂದು ಅದರ ಪಕ್ಕದಲ್ಲೇ ಬರೆಸಿ. ಕಲಿಕೆ ಆಗುವುದು ಆ ಎರಡು ಸಾಲುಗಳ ನಡುವಿನ ವ್ಯತ್ಯಾಸದಲ್ಲಿ.

ಇಲ್ಲೊಂದು ಎಚ್ಚರಿಕೆ. ನೆವಿಲ್ ಎಂಬ ಹುಡುಗನ ಬೊಗಾರ್ಟ್ ಅವನ ಮೇಷ್ಟ್ರು ಸ್ನೇಪ್ ರೂಪದಲ್ಲಿ ಬರುತ್ತದೆ, ಅವನು ಅದಕ್ಕೆ ಅಜ್ಜಿಯ ಬಟ್ಟೆ ತೊಡಿಸಿ ನಗಿಸುತ್ತಾನೆ. ನಮ್ಮಲ್ಲೂ ಮಕ್ಕಳು ಗಣಿತದ ಮೇಷ್ಟ್ರ ಹೆಸರು ಹೇಳಿದಾಗ ಕೌನ್ಸೆಲರ್ ನಕ್ಕು ಇದೇ ಆಟ ಶುರುಮಾಡುವುದುಂಟು. ಮೊದಲು ಕೇಳಬೇಕಾದದ್ದು, ಆ ಮೇಷ್ಟ್ರು ನಿಜವಾಗಿ ಏನು ಮಾಡುತ್ತಾರೆ ಎಂದು. ಕಥೆಯ ಸ್ನೇಪ್ ಕೂಡ ನೆವಿಲ್‌ನನ್ನು ನಿಜಕ್ಕೂ ಹೀಯಾಳಿಸುವವನೇ. ಹೊಡೆತ, ಅವಮಾನ ಇದ್ದರೆ ಅದು ಬೊಗಾರ್ಟ್ ಲೆಕ್ಕಕ್ಕೆ ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಆಗ ಶಾಲೆಯ ಜೊತೆ ಮಾತಾಡುವುದು ನಮ್ಮ ಕೆಲಸ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮಕ್ಕಳನ್ನು ಅದರಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ, ಮಕ್ಕಳ ಸಹಾಯವಾಣಿ 1098. ನಿಜವಾದ ಅಪಾಯವನ್ನು ನಗಿಸಿ ಓಡಿಸು ಎಂದು ಮಗುವಿಗೆ ಕಲಿಸುವುದು ಅನ್ಯಾಯ. ಆಘಾತ ಅನುಭವಿಸಿದ ಮಕ್ಕಳಿಗೂ ಈ ಆಟ ಬೇಡ. ಆ ತರಗತಿಯಲ್ಲಿ ಹ್ಯಾರಿಯ ಸರದಿ ಬಂದಾಗ ಲೂಪಿನ್ ತಾವೇ ಅಡ್ಡ ಬಂದು ನಿಲ್ಲುತ್ತಾರೆ. ಎಲ್ಲ ಭಯವನ್ನೂ ಗುಂಪಿನ ಎದುರು ಹೊರಗೆಳೆಯಬಾರದು ಎಂಬ ಅಂದಾಜು ಅವರಿಗಿದೆ.

ಖಿನ್ನತೆಗೆ ಪೇಟ್ರೋನಸ್ ದೃಶ್ಯ. ಅತ್ಯಂತ ಸಂತೋಷದ ನೆನಪೊಂದನ್ನು ಗಟ್ಟಿಯಾಗಿ ಹಿಡಿದು ಮಂತ್ರ ಹೇಳಿದರೆ ಡಿಮೆಂಟರ್ ತಡೆಯುವ ರಕ್ಷಕ ರೂಪ ಮೂಡುತ್ತದೆ. ಹ್ಯಾರಿಗೆ ಮೊದಲ ಸಲ ಇದು ಬರುವುದಿಲ್ಲ. ಪೊರಕೆ ಏರಿ ಮೊದಲು ಹಾರಿದ ನೆನಪು ಸಾಲುವುದಿಲ್ಲ. ಶಾಲೆಯಲ್ಲಿ ತನ್ನ ಹೌಸ್, ಅಂದರೆ ತನ್ನ ತಂಡ, ಗೆದ್ದ ನೆನಪೂ ಸಾಲುವುದಿಲ್ಲ. ತಾನು ಮಾಂತ್ರಿಕ, ತಾನಿರುವ ನೆಂಟರ ಮನೆ ಬಿಟ್ಟು ಹೋಗಬಹುದು ಎಂದು ಗೊತ್ತಾದ ಕ್ಷಣವನ್ನು ಹಿಡಿದಾಗ ಬೆಳ್ಳಿಯ ಮಂಜಿನಂಥದ್ದೇನೋ ಮೂಡುತ್ತದೆ, ಪೂರ್ತಿ ಆಕಾರವಲ್ಲ. ಪ್ರತಿ ಪ್ರಯತ್ನದ ನಂತರ ಚಾಕೊಲೇಟ್, ವಿಶ್ರಾಂತಿ. ಇನ್ನೂ ಒಂದಿದೆ: ಡಿಮೆಂಟರ್ ಹತ್ತಿರ ಬಂದಾಗ ಸತ್ತ ಅಪ್ಪ-ಅಮ್ಮನ ದನಿ ಕೇಳಿಸುವುದರಿಂದ, ಅದನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆಯೂ ಹ್ಯಾರಿಯ ಒಳಗಿದೆ. ದುಃಖ ಬಿಟ್ಟರೆ ಸತ್ತವರನ್ನೇ ಬಿಟ್ಟುಕೊಟ್ಟ ಹಾಗೆ ಎಂದು ನಂಬಿದ ಮಕ್ಕಳಿಗೆ ತೋರಿಸಲು ಇಡೀ ಸರಣಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನಮಗೆ ಕಂಡಿಲ್ಲ.

ಆದರೆ "ಕಣ್ಣು ಮುಚ್ಚು, ಖುಷಿಯ ನೆನಪು ತಂದುಕೋ" ಎಂದು ನೇರವಾಗಿ ಹೇಳಿದರೆ ಖಿನ್ನತೆ ಇರುವವರಿಗೆ ಬಹಳ ಸಲ ತಿರುಗೇಟಾಗುತ್ತದೆ. ಖಿನ್ನತೆಯಲ್ಲಿ ನೆನಪುಗಳು ತೇಲಿದಂತಿರುತ್ತವೆ: "ಚಿಕ್ಕವಳಿದ್ದಾಗ ಅಜ್ಜಿ ಮನೇಲಿ ಚೆನ್ನಾಗಿತ್ತು" ಎಂದಷ್ಟೇ ಬರುತ್ತದೆ. ಅದರ ಬೆನ್ನಿಗೇ "ಅದೆಲ್ಲ ಈಗ ಇಲ್ಲ ಮೇಡಂ" ಎಂದು ಹೋಲಿಕೆ ಬರುತ್ತದೆ, ಮನಸ್ಸು ಮೊದಲಿಗಿಂತ ಕೆಳಗೆ ಹೋಗುತ್ತದೆ. ಇದಕ್ಕೆ ಉಪಾಯ ನೆನಪನ್ನು ಒಂದೇ ದಿನಕ್ಕೆ, ಒಂದೇ ಜಾಗಕ್ಕೆ ಇಳಿಸುವುದು. ಯಾವ ರಜೆ? ಜಗಲಿಯಲ್ಲೋ, ಹಿತ್ತಲಲ್ಲೋ? ಕೈಯಲ್ಲಿ ಏನಿತ್ತು? ಯಾವ ವಾಸನೆ? ಯಾರು ಏನಂದರು? "ಯಾಕೆ ಖುಷಿಯಾಗಿದ್ದೆ" ಎಂದು ಮಾತ್ರ ಕೇಳಬೇಡಿ, ಹೋಲಿಕೆ ಶುರುವಾಗುವುದು ಅಲ್ಲಿಂದಲೇ. ಆಮೇಲೆ ಆ ನೆನಪಿನ ಒಂದು ಚೂರನ್ನು ಮೂರನೇ ಅಂಕಣಕ್ಕೆ ತನ್ನಿ. ಅಜ್ಜಿ ಜೊತೆ ಹಪ್ಪಳ ಒತ್ತಿದ ನೆನಪಾದರೆ, ಬುಧವಾರ ಸಂಜೆ ಆರಕ್ಕೆ ಅಡುಗೆಮನೆಯಲ್ಲಿ ಹತ್ತು ನಿಮಿಷ ಚಪಾತಿ ಲಟ್ಟಿಸುವುದು. ಮನಸ್ಸು ಬಂದರೆ ಮಾಡುತ್ತೇನೆ ಎಂದು ಬಿಡಬಾರದು, ದಿನ ಮತ್ತು ಗಂಟೆ ಬರೆದಿರಬೇಕು.

ಎರಡೂ ದೃಶ್ಯಗಳನ್ನು ಕಲಸಿಬಿಡುವುದು ದೊಡ್ಡ ತಪ್ಪು. ಎಕ್ಸ್‌ಪೋಷರ್ ಮಾಡುವಾಗ ಹುಡುಗ ಮನಸ್ಸಿನಲ್ಲೇ ಪೇಟ್ರೋನಸ್ ಮಂತ್ರ ಹೇಳಿಕೊಳ್ಳುತ್ತಿದ್ದರೆ, "ಮಂತ್ರ ಇತ್ತು, ಅದಕ್ಕೆ ಬಚಾವಾದೆ" ಎಂದು ಕಲಿಯುತ್ತಾನೆ. ಭಯ ಹಾಗೇ ಉಳಿಯುತ್ತದೆ. ಗೀಳು ಕಾಯಿಲೆ, ಅಂದರೆ ಓಸಿಡಿ ಇರುವವರಲ್ಲಂತೂ ಮಂತ್ರದ ಭಾಷೆಯನ್ನೇ ತರಬೇಡಿ. ಕೆಟ್ಟದ್ದು ಯೋಚಿಸಿದರೆ ಕೆಟ್ಟದ್ದೇ ಆಗುತ್ತದೆ ಎಂದು ಈಗಾಗಲೇ ನಂಬಿರುವ ಮಗುವಿಗೆ ನಾವು ಇನ್ನೊಂದು ಆಚರಣೆ ಕಲಿಸಿ ಕಳಿಸಿದ ಹಾಗಾಗುತ್ತದೆ. ಸೈಕೋಸಿಸ್ ಲಕ್ಷಣ (ಇಲ್ಲದ್ದು ಕಾಣುವುದು, ಕೇಳಿಸುವುದು) ಇರುವವರಿಗೂ, ದಿನದ ಗಂಟೆಗಟ್ಟಲೆ ಹಗಲುಗನಸಿನಲ್ಲೇ ಕಳೆಯುವವರಿಗೂ ಈ ದಾರಿ ಬೇಡ.

ಪುಸ್ತಕ ಇಷ್ಟವಿಲ್ಲದವರಿಗೆ ಒತ್ತಾಯ ಮಾಡುವುದರಲ್ಲಿ ಅರ್ಥವಿಲ್ಲ. ಈಗಿನ ಬಹಳ ಮಕ್ಕಳು ಅನಿಮೆ ನೋಡುತ್ತಾರೆ, ಅಲ್ಲೂ ಬೇಕಾದಷ್ಟು ದೃಶ್ಯ ಸಿಗುತ್ತವೆ. ಟ್ರಾನ್ಸ್‌ಜೆಂಡರ್ ಮಕ್ಕಳ ಜೊತೆ ಕೆಲಸ ಮಾಡುವಾಗ ಮೊದಲೇ ಕೇಳಿಬಿಡಿ: ಲೇಖಕಿ ಆ ಸಮುದಾಯದ ಬಗ್ಗೆ ಆಡಿದ ಮಾತುಗಳಿಂದ ನೊಂದವರಿಗೆ ಈ ಪುಸ್ತಕವೇ ಗಾಯ. ಊರಿನ ಕಡೆಯ ಮಕ್ಕಳಿಗೆ ಏಳು ಸಮುದ್ರದಾಚೆ ಗಿಳಿಯಲ್ಲಿ ಪ್ರಾಣ ಇಟ್ಟ ರಾಕ್ಷಸನ ಕಥೆ ಗೊತ್ತೇ ಇರುತ್ತದೆ. (ಪಾಟರ್ ಸರಣಿಯ ಖಳನೂ ಪ್ರಾಣವನ್ನು ಹೊರಗೆ ಬಚ್ಚಿಟ್ಟವನೇ ತಾನೇ.) ಸಮಸ್ಯೆಯನ್ನು ಮಗುವಿನಿಂದ ಬೇರೆ ಮಾಡಿ ಎದುರಿಗಿಟ್ಟು ನೋಡಲು ಅದು ಚೆನ್ನಾಗಿ ಒದಗುತ್ತದೆ. "ಈ ಸಿಟ್ಟಿನ ರಾಕ್ಷಸನ ಗಿಳಿ ಎಲ್ಲಿದೆ?" ಎಂದು ಕೇಳಿದರೆ ಹತ್ತು ವರ್ಷದ ಮಗು ಕೂಡ ಯೋಚಿಸಿ ಉತ್ತರ ಹೇಳುತ್ತದೆ.

ಹದಿನೆಂಟು ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು, ಅದನ್ನು ಪಡೆಯುವಾಗಲೇ ಈ ವಿಧಾನ ತಿಳಿಸಿ. "ಫೀಸ್ ಕೊಟ್ಟು ಕಥೆ ಹೇಳಿಸ್ಕೊಳ್ಳೋದಾ?" ಅಥವಾ "ಮಾಟ ಮಂತ್ರ ಎಲ್ಲ ಬೇಡ ಸಾರ್" ಎಂದು ಕೇಳಿಯೇ ಕೇಳುತ್ತಾರೆ. ವಾದ ಬೇಡ. ಭಯದ ಏಣಿ ಬರೆದ ಹಾಳೆಯನ್ನು ಮಗುವಿನ ಅನುಮತಿ ಪಡೆದು ತೋರಿಸಿ, ಮುಂದಿನ ಮೆಟ್ಟಿಲಲ್ಲಿ ಅವರ ಪಾಲು ಏನು ಎಂದು ಹೇಳಿ. ಹೆಚ್ಚಿನವರು ಅಷ್ಟಕ್ಕೆ ಒಪ್ಪುತ್ತಾರೆ.

ಕೇಸ್ ಫೈಲಿನಲ್ಲಿ ಮಾತ್ರ ಕಥೆಯ ಹೆಸರು ಬರೆಯಬೇಡಿ. "ಬೊಗಾರ್ಟ್ 4ನೇ ಮೆಟ್ಟಿಲು ಮುಗಿಯಿತು" ಎಂದಿದ್ದರೆ, ನೀವು ರಜೆಯಲ್ಲಿದ್ದಾಗ ಆ ಮಗುವನ್ನು ನೋಡುವ ಸಹೋದ್ಯೋಗಿಗೆ ಏನೂ ಗೊತ್ತಾಗುವುದಿಲ್ಲ, ಮನೋವೈದ್ಯರಿಗಂತೂ ಬೇರೆಯೇ ಅರ್ಥವಾಗಬಹುದು. "ಸಾಮಾಜಿಕ ಆತಂಕ, ಎಕ್ಸ್‌ಪೋಷರ್ 4ನೇ ಹಂತ, ಭಯ 50ರಿಂದ 30ಕ್ಕೆ" ಎಂದು ಬರೆಯಿರಿ. ಕಥೆಯ ಹಾಳೆ ಮಗುವಿನ ಹತ್ತಿರವೇ ಇರಲಿ.