ಸುದ್ದಿ ಕೊಟ್ಟವರಿಗೆ ವಾಪಸ್ ಹೋಗಿ ಹೇಳಬೇಕು

ರಂಗೋಲಿ ಪುಡಿಯಲ್ಲಿ ಬಿದ್ದಿದ್ದ ಕರಿಮಣಿಗಳನ್ನು ಆ ಅಮ್ಮ ಒಂದೊಂದಾಗಿ ಆರಿಸುತ್ತಾ ಕೂತಿದ್ದರು. ಬೆಳಗ್ಗೆ ಆರೂವರೆ. ಕುತ್ತಿಗೆ ಮೇಲೆ ಕೆಂಪಗೆ ಒಂದು ಗೆರೆ. ಸರದ ಅರ್ಧ ಅವರ ಮುಷ್ಟಿಯಲ್ಲಿತ್ತು, ಇನ್ನರ್ಧ ಬೈಕಿನವರ ಜೊತೆ ಹೋಗಿತ್ತು. ನಾನೂ ಪಕ್ಕದಲ್ಲಿ ಕೂತು ಮಣಿ ಆರಿಸತೊಡಗಿದೆ. ಎದುರಿನ ಇಸ್ತ್ರಿ ಅಂಗಡಿಯವರು ಬಂದು ನಿಂತು ಒಂದೇ ಮಾತು ಕೇಳಿದರು: "ನಾನು ಹೇಳಿದ್ದೆ ಅಲ್ವಾ ಮೇಡಂ?"

ಹೌದು, ಹೇಳಿದ್ದರು. ಎಂಟು ದಿನ ಮೊದಲೇ. ನಂಬರ್ ಪ್ಲೇಟ್ ಮಡಚಿದ ಒಂದು ಬೈಕು, ಅದರ ಮೇಲೆ ಇಬ್ಬರು, ಬೆಳಗಿನ ಹೊತ್ತು ಕ್ರಾಸ್‌ನಲ್ಲಿ ಸುಮ್ನೆ ಸುತ್ತು ಹಾಕುತ್ತಾರೆ ಅಂತ. ನಾನು ಬೀಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಅಷ್ಟೇ. ಬೆಳಗಿನ ಗಸ್ತಿನವರಿಗೆ ಹೇಳಬೇಕಿತ್ತು, ಹೇಳಲಿಲ್ಲ. ಆ ಬೈಕು ಮತ್ತೊಮ್ಮೆ ಬಂದಿತ್ತಂತೆ. ಆಗ ಯಾಕೆ ಫೋನ್ ಮಾಡಲಿಲ್ಲ ಅಂತ ಕೇಳಿದೆ. "ಮೊದಲನೇ ಸಲ ಹೇಳಿದ್ದು ಏನಾಯ್ತು ಅಂತ ನೀವು ಬಂದು ಹೇಳಲೇ ಇಲ್ಲ. ನಿಮಗೆ ಬೇಕಿಲ್ಲವೇನೋ ಅಂದುಕೊಂಡೆ" ಅಂದರು.

ನಾನು ಕರ್ನಾಟಕ ಪೊಲೀಸ್‌ನಲ್ಲಿ ಹೆಡ್ ಕಾನ್‌ಸ್ಟೆಬಲ್. ಊರು, ಠಾಣೆ ಹೆಸರು ಬೇಡ. ಜಿಲ್ಲಾ ಕೇಂದ್ರವೊಂದರ ಹಳೇ ಬಡಾವಣೆ, ಅದರ ಬೆನ್ನಿಗೆ ಅರ್ಧ ಖಾಲಿ ಸೈಟುಗಳ ಹೊಸ ಬಡಾವಣೆ, ಎರಡೂ ಸೇರಿ ನನ್ನ ಬೀಟು. ಈ ಕೆಲಸದಲ್ಲಿ ಕಲಿತದ್ದನ್ನು ಹೇಳೋಣ ಅಂತ ಬರೆಯುತ್ತಿದ್ದೇನೆ. ಹೊಸದಾಗಿ ಬೀಟ್‌ಗೆ ಬಂದ ತಮ್ಮಂದಿರು, ತಂಗಿಯರು ಓದಲಿ. ಬಡಾವಣೆಗಳಲ್ಲಿ ಇರುವವರೂ ಓದಲಿ.

ನಾನು ಇಲಾಖೆಗೆ ಸೇರಿದಾಗ ಬೀಟ್ ಅಂದರೆ ರಾತ್ರಿ ಗಸ್ತು. ಗೇಟಿಗೋ ಎಟಿಎಂ ಬಾಗಿಲಿಗೋ ನೇತು ಹಾಕಿದ ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕಿ, ಟೈಮ್ ಬರೆದು, ಮುಂದಕ್ಕೆ ಹೋಗುವುದು. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ಜನರಿಗೆ ಸಹಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. 2017ರಲ್ಲಿ, ರೂಪಕ್ ಕುಮಾರ್ ದತ್ತಾ ಅವರು ಡಿಜಿಪಿ ಆಗಿದ್ದಾಗ, ಹೊಸ ಬೀಟ್ ವ್ಯವಸ್ಥೆ ಬಂತು. ಠಾಣೆಯ ಸರಹದ್ದನ್ನು ಚಿಕ್ಕ ಚಿಕ್ಕದಾಗಿ ಹಂಚಿ, ಒಂದೊಂದು ತುಂಡನ್ನು ಒಬ್ಬೊಬ್ಬರ ಹೆಸರಿಗೆ ಬರೆದರು. ಆ ಏರಿಯಾದ ಜನರನ್ನೇ ಬೀಟ್ ಸದಸ್ಯರಾಗಿ ಸೇರಿಸಿಕೊಂಡು ಸಭೆ ಮಾಡಬೇಕು. ಅಲ್ಲಿಯವರೆಗೆ ಕಂಪ್ಯೂಟರ್ ಮುಂದೆ, ಕೋರ್ಟ್ ಡ್ಯೂಟಿಯಲ್ಲಿ ಇರುತ್ತಿದ್ದ ನನಗೂ ಒಂದು ಬೀಟ್ ಸಿಕ್ಕಿತು. ನನ್ನ ಮಟ್ಟಿಗೆ ಅದು ದೊಡ್ಡ ವಿಷಯ. ಹೆಣ್ಣುಮಕ್ಕಳು ಗಂಡು ಪೊಲೀಸರ ಹತ್ತಿರ ಬಾಗಿಲಲ್ಲಿ ನಿಂತು ಹೇಳದ ಮಾತನ್ನು ನನಗೆ ಅಡುಗೆಮನೆಗೆ ಕರೆದು ಹೇಳುತ್ತಿದ್ದರು.

ಮೊದಲ ಸಭೆಗೆ ಕಳ್ಳತನದ ಬಗ್ಗೆ ಮಾತಾಡಲು ತಯಾರಾಗಿ ಹೋಗಿದ್ದೆ. ಜನ ಕಳ್ಳತನದ ಮಾತೇ ಎತ್ತಲಿಲ್ಲ. ಖಾಲಿ ಸೈಟಿನಲ್ಲಿ ಸಂಜೆ ಕೂತು ಕುಡಿಯುವ ಹುಡುಗರು, ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಆ ದಾರಿ ಬಿಟ್ಟು ಸುತ್ತಿ ಬರುವುದು, ತಿಂಗಳಿಂದ ಉರಿಯದ ಬೀದಿ ದೀಪ. ದೀಪ ನಮ್ಮ ಕೆಲಸ ಅಲ್ಲ ಅಂತ ಹೇಳಲು ಬಾಯಿವರೆಗೂ ಬಂದಿತ್ತು. ಹೇಳದೇ ಇದ್ದದ್ದು ಒಳ್ಳೆಯದಾಯಿತು. ಕಂಬದ ನಂಬರ್ ಬರೆದುಕೊಂಡು ಸಂಬಂಧಪಟ್ಟವರಿಗೆ ಪತ್ರ ಕೊಟ್ಟೆವು, ನಾಲ್ಕು ಸಲ ಹೋಗಿ ಕೇಳಿದೆವು. ಸೈಟಿನ ಮಾಲೀಕರನ್ನು ಹುಡುಕಿ ಗಿಡಗಂಟಿ ಕಡಿಸಿದೆವು. ದೀಪ ಬಂದ ವಾರದಿಂದ ಕುಡಿಯುವವರು ಕಡಿಮೆಯಾದರು, ಹೆಣ್ಣುಮಕ್ಕಳು ಆ ದಾರಿಯಲ್ಲೇ ಬರತೊಡಗಿದರು. ಕಳ್ಳತನದ ಸುದ್ದಿ ನನಗೆ ಬರಲು ಶುರುವಾದದ್ದು ಅದಾದ ಮೇಲೆಯೇ. ತಮಗೆ ಮುಖ್ಯ ಅನಿಸಿದ್ದನ್ನು ನಾವು ಕೇಳಿಸಿಕೊಂಡರೆ ಮಾತ್ರ ಜನ ನಮಗೆ ಬೇಕಾದ್ದನ್ನು ಹೇಳುತ್ತಾರೆ.

ಸರಗಳ್ಳತನ ಆದದ್ದು ಈ ಸಭೆ ಆಗಿ ಒಂದೂವರೆ ವರ್ಷಕ್ಕೆ. ಅಷ್ಟು ನಂಬಿಕೆ ಬೆಳೆದ ಮೇಲೂ ನಾನು ಎಡವಿದೆ. ಅದಕ್ಕೇ ಇಸ್ತ್ರಿ ಅಂಗಡಿಯವರ ಮಾತು ಅಷ್ಟು ನಾಟಿತು. ಅವತ್ತು ರಾತ್ರಿಯೇ ನನ್ನ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡು ಭಾಗ ಮಾಡಿದೆ. ಎಡಗಡೆ: ಯಾರು, ಏನು ಹೇಳಿದರು. ಬಲಗಡೆ: ನಾನು ಯಾವತ್ತು ವಾಪಸ್ ಹೋಗಿ ಏನು ಹೇಳಿದೆ. ತನಿಖೆಯ ಗುಟ್ಟು ಹೇಳಬೇಕಾಗಿಲ್ಲ. "ನೋಡಿದೆವು, ಅವರು ಪಕ್ಕದ ರಸ್ತೆಯ ಬಾಡಿಗೆದಾರರು, ಭಯ ಬೇಡ" ಅಂದರೂ ಸಾಕು. "ಇನ್ನೂ ಗೊತ್ತಾಗಿಲ್ಲ, ನೋಡ್ತಾ ಇದ್ದೇವೆ" ಅಂದರೂ ಸಾಕು.

ಆ ಕೇಸಿನಲ್ಲಿ ದಾರಿ ತೋರಿಸಿದ್ದು ಎರಡು ಕ್ರಾಸ್ ಆಚೆ ಒಂದು ಮನೆಯ ಕ್ಯಾಮೆರಾ. ಮನೆಯವರು ಮೊದಲು ಹಿಂಜರಿದರು. ಕೋರ್ಟಿಗೆ ಅಲೆಯಬೇಕಾಗುತ್ತದೆ ಅನ್ನುವ ಭಯ. ಅದು ಸುಳ್ಳು ಭಯ ಅಲ್ಲ, ದೃಶ್ಯದ ಜೊತೆ ಅದು ತಮ್ಮ ರೆಕಾರ್ಡರ್‌ನದ್ದೇ ಅಂತ ಸರ್ಟಿಫಿಕೇಟ್ ಕೊಡಬೇಕು, ಸಾಕ್ಷಿಗೆ ಕರೆಯಲೂಬಹುದು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಒಂದು ರಾತ್ರಿ ಯೋಚಿಸಿ ಕೊಟ್ಟರು. ನೋಡಿದರೆ ಅವರ ರೆಕಾರ್ಡರ್‌ನ ಗಡಿಯಾರ 17 ನಿಮಿಷ ಹಿಂದಿತ್ತು. ಆ ವ್ಯತ್ಯಾಸ ಗಮನಿಸದೇ ಹೋಗಿದ್ದರೆ ನಾವು ಬೇರೆ ಯಾವುದೋ ಬೈಕಿನ ಹಿಂದೆ ಓಡುತ್ತಿದ್ದೆವು. ಈಗ ಪ್ರತಿ ಸಭೆಯಲ್ಲೂ ಹೇಳುತ್ತೇನೆ: ಕ್ಯಾಮೆರಾದ ಟೈಮ್ ಸರಿ ಮಾಡಿ, ಒಂದು ಕಣ್ಣು ರಸ್ತೆ ಕಡೆ ಇರಲಿ. ಜಾಸ್ತಿ ಜನ ಸೇರುವ ಕಡೆ, ಅಂದರೆ ಒಂದೇ ಸಲಕ್ಕೆ 100 ಅಥವಾ ದಿನಕ್ಕೆ 500 ಜನ ಬರುವ ಜಾಗಗಳಲ್ಲಿ, ಕ್ಯಾಮೆರಾ ಹಾಕಿ 30 ದಿನ ದೃಶ್ಯ ಉಳಿಸಬೇಕು ಅಂತ ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯೇ ಹೇಳುತ್ತದೆ. ಮನೆಗಳಿಗೆ ಹಾಗೆ ಕಡ್ಡಾಯ ಇಲ್ಲ. ಅಲ್ಲಿ ಕೇಳಿಯೇ ಪಡೆಯಬೇಕು.

ಎರಡು ತಿಂಗಳ ಮೇಲೆ ಇಬ್ಬರೂ ಬೇರೆ ಠಾಣೆಯ ಸರಹದ್ದಿನಲ್ಲಿ ಸಿಕ್ಕಿಬಿದ್ದರು. ಅಮ್ಮನಿಗೆ ಹೇಳಿದ ಮೇಲೆ ನಾನು ನೇರ ಹೋದದ್ದು ಇಸ್ತ್ರಿ ಅಂಗಡಿಗೆ. ಅವರು ಪೆಟ್ಟಿಗೆ ಕೆಳಗಿಟ್ಟು ಎರಡೂ ಕೈ ಮುಗಿದರು. ಮುಗಿಯಬೇಕಾದವಳು ನಾನು.

ವಾಟ್ಸ್‌ಆ್ಯಪ್ ಗುಂಪಿನ ಬಗ್ಗೆ ಹೇಳಲೇಬೇಕು. ಬೀಟ್ ಗುಂಪು ಒಳ್ಳೆಯದು, ಆದರೆ ಬೆಂಕಿ ಪೊಟ್ಟಣದ ಹಾಗೆ ಜೋಪಾನ ಮಾಡಬೇಕು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕಾರಿನವರನ್ನು ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸಿದರು. ಜನರ ಹೊಡೆತಕ್ಕೆ ಅವರಲ್ಲಿ ಹೈದರಾಬಾದಿನ ಒಬ್ಬ ಯುವಕನ ಜೀವವೇ ಹೋಯಿತು. ಕಾಪಾಡಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ನನ್ನ ಗುಂಪಿನಲ್ಲೂ ಒಂದು ಮಧ್ಯಾಹ್ನ ಕಂಬಳಿ ಮಾರುವ ಮೂವರು ಹುಡುಗರ ಫೋಟೊ ಬಂತು, "ಅನುಮಾನ ಇದೆ, ಎಲ್ಲರೂ ಹುಷಾರ್" ಅಂತ. ನಾನು ಊಟ ಬಿಟ್ಟು ಹೊರಟೆ. ಹುಡುಗರು ಮರದ ಕೆಳಗೆ ಗಂಟು ಬಿಚ್ಚಿ ಕೂತಿದ್ದರು, ಸುತ್ತ ಏಳೆಂಟು ಜನ ಆಗಲೇ ನಿಂತಿದ್ದರು. ಅವರ ಗುರುತಿನ ಚೀಟಿ ನೋಡಿದೆ, ಉಳಿದುಕೊಂಡಿದ್ದ ಲಾಡ್ಜಿಗೆ ಫೋನ್ ಮಾಡಿ ಕೇಳಿದೆ, ಅಲ್ಲೇ ನಿಂತು ಗುಂಪಿಗೆ ಬರೆದೆ: "ವ್ಯಾಪಾರಕ್ಕೆ ಬಂದವರು. ನಾನು ವಿಚಾರಿಸಿದ್ದೇನೆ. ಫೋಟೊ ಅಳಿಸಿ." ಅವತ್ತಿನಿಂದ ನಮ್ಮಲ್ಲಿ ಅಪರಿಚಿತರ ಫೋಟೊ ಗುಂಪಿಗೆ ಹಾಕುವಂತಿಲ್ಲ. ಅನುಮಾನ ಬಂದರೆ ನನಗೆ ಫೋನ್, ತುರ್ತು ಇದ್ದರೆ 112.

ಗುಂಪಿನಲ್ಲಿ ಇಲ್ಲದವರೇ ಎಷ್ಟೋ ಸಲ ಜಾಸ್ತಿ ನೋಡಿರುತ್ತಾರೆ. ಯಾವ ಮನೆಗೆ ಬೀಗ ಬಿದ್ದಿದೆ ಅಂತ ಮೊದಲು ಗೊತ್ತಾಗುವುದು ಪೇಪರ್ ಹಾಕುವ ಹುಡುಗನಿಗೆ, ಹಾಲಿನವರಿಗೆ. ಗೇಟಿನೊಳಗೆ ಮೂರು ದಿನದ ಪೇಪರ್ ಬಿದ್ದಿದ್ದರೆ ಕಳ್ಳನಿಗೆ ಅದೇ ಆಹ್ವಾನ. ಈಗ ನನ್ನ ಬೀಟಿನಲ್ಲಿ ಊರಿಗೆ ಹೋಗುವವರು ತಾರೀಖು ಹೇಳಿ ಹೋಗುತ್ತಾರೆ. ರಾತ್ರಿ ಗಸ್ತಿನವರು ಆ ಗೇಟಿಗೆ ಟಾರ್ಚ್ ಬಿಟ್ಟು ನೋಡುತ್ತಾರೆ.

ಒಮ್ಮೆ ಒಬ್ಬ ನಿವೃತ್ತ ಟೀಚರ್ ಪಕ್ಕದ ಮನೆಯವರ ಫೋನಿಂದ ಪಿಸುಮಾತಿನಲ್ಲಿ ಕರೆ ಮಾಡಿದರು. ತಮ್ಮ ಮೊಬೈಲನ್ನು ದೇವರ ಕೋಣೆಯಲ್ಲಿ ಇಟ್ಟು ಬಂದಿದ್ದರು. ಅದರಲ್ಲಿ ವಿಡಿಯೊ ಕರೆ ಇನ್ನೂ ನಡೆಯುತ್ತಿತ್ತು. ಸಿಬಿಐ ಅಂತ ಹೇಳಿ, ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬೇಡಿ ಅಂತ ಹೆದರಿಸಿದ್ದರು. ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ ಅಂತ ನಾನು ಹಿಂದಿನ ತಿಂಗಳ ಸಭೆಯಲ್ಲಿ ಹೇಳಿದ್ದು ಅವರಿಗೆ ನೆನಪಿತ್ತು. ದುಡ್ಡು ಹೋಗಿರಲಿಲ್ಲ. ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಬೇಕಿತ್ತು. ಬ್ಯಾಂಕಿನಲ್ಲಿ ಹಣ ತಡೆಯಲು ಮೊದಲ ಗಂಟೆಗಳೇ ಮುಖ್ಯ.

ಕಷ್ಟವೂ ಇದೆ. ಗಣಪತಿ ಹಬ್ಬ, ಚುನಾವಣೆ, ಗಣ್ಯರ ಬಂದೋಬಸ್ತ್ ಬಂದರೆ ಬೀಟಿನವರನ್ನೇ ಮೊದಲು ಎಳೆಯುತ್ತಾರೆ. ಹದಿನೈದು ದಿನ ಬೀಟಿಗೆ ಕಾಲಿಡದೆ ಇದ್ದದ್ದೂ ಉಂಟು. ಹಾಗೆ ಎಳೆಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 2025ರಲ್ಲಿ, ಬೀಟಿನವರೇ ಮನೆ ಮನೆಗೆ ಹೋಗಿ ಜನರನ್ನು ಮಾತಾಡಿಸುವ 'ಮನೆ ಮನೆಗೆ ಪೊಲೀಸ್' ಯೋಜನೆ ಬಂದಾಗ ನನಗೆ ಖುಷಿಯಾಯಿತು. ಆದರೆ ಮೊದಲ ಸಲ ಮನೆಗೆ ಹೋಗುವುದು ಸುಲಭ. ಎರಡನೇ ಸಲ ಹೋಗಲು ಟೈಮ್ ಕೊಡಬೇಕು.

ಹೋದ ತಿಂಗಳು ನನಗೆ ವರ್ಗಾವಣೆ ಆಯಿತು. ಬೀಟ್ ವಹಿಸಿಕೊಳ್ಳುವ ಹುಡುಗನಿಗೆ ನೋಟ್‌ಬುಕ್ ಕೊಟ್ಟೆ. ಬಲಗಡೆ ಮೂರು ಸಾಲು ಖಾಲಿ ಇದ್ದವು. ಆ ಮೂರೂ ಕಡೆಗೆ ಇಬ್ಬರೂ ನಡೆದೇ ಹೋದೆವು. ಕೊನೆಯದು ಇಸ್ತ್ರಿ ಅಂಗಡಿ. ರಾತ್ರಿ ಹನ್ನೊಂದಕ್ಕೆ ಬರುವ ಗೂಡ್ಸ್ ಆಟೊ ಯಾರದು ಅಂತ ಅವರು ಕೇಳಿದ್ದರು. ಮಾರುಕಟ್ಟೆಗೆ ಸೊಪ್ಪು ಹಾಕುವವರದು, ಹಿಂದಿನ ರಸ್ತೆಯಲ್ಲಿ ಹೊಸದಾಗಿ ಬಾಡಿಗೆಗೆ ಬಂದಿದ್ದಾರೆ ಅಂತ ಹೇಳಿದೆ.

"ಸರಿ ಮೇಡಂ" ಅಂದರು. ಹುಡುಗನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸೀಮೆಸುಣ್ಣ ತೆಗೆದು, ತಳ್ಳುಗಾಡಿಯ ಹಲಗೆ ಮೇಲಿದ್ದ ನನ್ನ ನಂಬರಿನ ಕೆಳಗೆ ಜಾಗ ಒರೆಸಿಕೊಂಡು, "ಹೇಳಪ್ಪಾ, ನಿನ್ನ ನಂಬರ್" ಅಂದರು.